ಶಿಖರಕ್ಕೆ ಹೆಸರಿಡುವ ಮೊದಲು

ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ಸಂವೇದಕಕ್ಕೆ ತರಂಗಾಂತರ ತಿಳಿಯದು. ಎಷ್ಟನೆಯ ಪಿಕ್ಸೆಲ್ ಮೇಲೆ ಎಷ್ಟು ಬೆಳಕು ಬಿದ್ದಿತು ಎಂಬುದಷ್ಟೇ ಅದು ಕೊಡುವ ಮಾಹಿತಿ. ಆ ಪಿಕ್ಸೆಲ್ಲನ್ನು ನ್ಯಾನೊಮೀಟರಿಗೆ ಹೊಂದಿಸುವ ಕ್ಯಾಲಿಬ್ರೇಷನ್ ಸಡಿಲವಾಗಿದ್ದರೆ ಮುಂದೆ ಗುರುತಿಸುವ ಯಾವ ಶಿಖರವನ್ನೂ, ಅಂದರೆ ಬೆಳಕಿನ ನಕ್ಷೆಯಲ್ಲಿ ಎದ್ದು ಕಾಣುವ ಯಾವ ಏರನ್ನೂ, ನಂಬುವಂತಿಲ್ಲ.

ಈ ಹೊಂದಿಕೆಗೆ ತರಂಗಾಂತರ ಮೊದಲೇ ತಿಳಿದಿರುವ ಬೆಳಕು ಬೇಕು; ನಾನು ಮೊದಲು ಆರಿಸಿಕೊಳ್ಳುವುದು ಪಾದರಸದ ದೀಪವನ್ನು. 404.66, 435.83 ಮತ್ತು 546.07 ನ್ಯಾನೊಮೀಟರುಗಳಲ್ಲಿ ಅದರ ರೇಖೆಗಳು ತೆಳುವಾಗಿ, ಬಿಡಿಬಿಡಿಯಾಗಿ ಕಾಣುತ್ತವೆ, 576.96 ಮತ್ತು 579.07ರಲ್ಲಿ ಹಳದಿ ರೇಖೆಗಳ ಜೋಡಿಯೊಂದಿದೆ. ಹಳೆಯ ಸಿಎಫ್‌ಎಲ್ ಬಲ್ಬಿನಲ್ಲಿಯೂ ಪಾದರಸವಿದೆಯಾದರೂ, ಅದರ ಹಸಿರು ಭಾಗವನ್ನು ಎಚ್ಚರದಿಂದ ನೋಡಬೇಕು: ಒಳಗಿನ ಫಾಸ್ಫರ್ (ಹೊಳೆಯುವ ಪುಡಿ) ಲೇಪನದಲ್ಲಿರುವ ಟರ್ಬಿಯಂ ಧಾತು 544ರ ಆಸುಪಾಸಿನಲ್ಲಿ ಬೆಳಕು ಸೂಸುವುದರಿಂದ, ಬೆಳಕು ಒಳಬರುವ ಸೀಳುಕಿಂಡಿ ಅಗಲವಾಗಿರುವ ಉಪಕರಣದಲ್ಲಿ ಅದು ಪಾದರಸದ ರೇಖೆಯೊಡನೆ ಕಲೆತು, ಶಿಖರದ ನಡುಬಿಂದುವನ್ನು ನೀಲಿಯ ಕಡೆಗೆ ಎಳೆಯುತ್ತದೆ. 611ರ ಕೆಂಪು ಶಿಖರವೂ ಅದೇ ಲೇಪನದ ಯೂರೋಪಿಯಂನದೇ ಹೊರತು ಪಾದರಸದ್ದಲ್ಲ.

ಎರಡು ರೇಖೆಗಳ ನಡುವೆ ಸರಳರೇಖೆ ಎಳೆದು ಕೆಲಸ ಮುಗಿಸುವುದು ನನಗೆ ಸಮ್ಮತವಲ್ಲ, ಏಕೆಂದರೆ ಬಣ್ಣಗಳನ್ನು ಬಿಡಿಸುವ ಗ್ರೇಟಿಂಗ್ (ಸೂಕ್ಷ್ಮ ಗೀರುಗಳ ಫಲಕ) ಬೆಳಕನ್ನು ಸಮತಲ ಸಂವೇದಕದ ಮೇಲೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹರಡುವುದಿಲ್ಲ. ಮೊದಲ ಮೂರು ರೇಖೆಗಳಿಗೆ ವರ್ಗ ಸಮೀಕರಣವನ್ನು ಹೊಂದಿಸಿ, ಹಳದಿ ಜೋಡಿಯನ್ನು ಲೆಕ್ಕದಿಂದ ಹೊರಗಿಟ್ಟು, ಅದು ಎಲ್ಲಿ ಬೀಳುತ್ತದೆಂದು ನೋಡಿದರೆ ಉಪಕರಣದ ನಿಜವಾದ ದೋಷ ಎಷ್ಟೆಂಬುದು ತಿಳಿಯುತ್ತದೆ. 579ರಿಂದಾಚೆಗೆ ಪಾದರಸ ಹೆಚ್ಚು ನೆರವಾಗದು. ಕೆಂಪಿನ ಭಾಗಕ್ಕೆ ನಿಯಾನಿನ 640.22 ಮತ್ತು 703.24 ಬೇಕು. ಬೆಳಕು ಸಂವೇದಕದ ಮಿತಿ ಮೀರಿ ತುದಿ ಚಪ್ಪಟೆಯಾದ ಶಿಖರವನ್ನು ಮಾತ್ರ ಎಂದೂ ಅಳೆಯಬಾರದು. ಎಕ್ಸ್‌ಪೋಷರ್ ಇಳಿಸಿ ಮತ್ತೊಮ್ಮೆ ದಾಖಲಿಸಬೇಕು.

ಗುರುತಿಸುವಾಗ ಪಟ್ಟಿಯಲ್ಲಿ ಅತಿ ಸಮೀಪದ ಸಂಖ್ಯೆಯನ್ನು ಹುಡುಕಿ ಹೆಸರಂಟಿಸುವ ತಂತ್ರಾಂಶಗಳ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಸೋಡಿಯಂ ರೇಖೆಗಳು 589.00 ಮತ್ತು 589.59ರಲ್ಲಿದ್ದರೆ, ಹೀಲಿಯಂನ ಹಳದಿ ರೇಖೆ 587.56ರಲ್ಲಿದೆ. 1868ರಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕಂಡ ರೇಖೆ ಸೋಡಿಯಂನದಲ್ಲವೆಂದು ಖಗೋಳವಿಜ್ಞಾನಿ ನಾರ್ಮನ್ ಲಾಕ್ಯರ್ ಹೇಳಲು ಸಾಧ್ಯವಾದದ್ದು ಈ ಒಂದೂವರೆ ನ್ಯಾನೊಮೀಟರಿನಷ್ಟು ಅಂತರದಿಂದಲೇ. ಭೂಮಿಯ ಖನಿಜದಲ್ಲಿ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಅದೇ ಧಾತುವನ್ನು, ಅಂದರೆ ಹೀಲಿಯಂ ಅನ್ನು, ಕಂಡದ್ದು 1895ರಲ್ಲಿ. ನಮ್ಮ ಉಪಕರಣದ ದೋಷವೇ ಎರಡು ನ್ಯಾನೊಮೀಟರಿನಷ್ಟಿದ್ದರೆ ಆ ಒಂದು ಶಿಖರದಿಂದ ಏನನ್ನೂ ತೀರ್ಮಾನಿಸಲಾಗದು. ಆಗ ಜೊತೆಗಾರ ರೇಖೆಗಳನ್ನು ಹುಡುಕಬೇಕು: ಹೀಲಿಯಂ ಆಗಿದ್ದರೆ 447.15, 501.57 ಮತ್ತು 667.82ರಲ್ಲಿಯೂ ಬೆಳಕು ಕಾಣಬೇಕು.

ಪಟ್ಟಿಯಲ್ಲಿ ಎಲ್ಲಿಯೂ ಸಿಗದ ಶಿಖರವೊಂದು 809ರ ಬಳಿ ಎದ್ದರೆ ಹೊಸ ಧಾತುವಿಗಾಗಿ ಹುಡುಕುವ ಮೊದಲು ಅದನ್ನು ಎರಡರಿಂದ ಭಾಗಿಸಿ ನೋಡಬೇಕು, 404.66ರ ನೇರಳೆ ರೇಖೆಯ ಎರಡನೆಯ ಕ್ರಮಾಂಕದ ವಿವರ್ತನೆ (ಎರಡು ಪಟ್ಟು ತರಂಗಾಂತರದ ಜಾಗದಲ್ಲಿ ಗ್ರೇಟಿಂಗ್ ಅದೇ ಬೆಳಕನ್ನು ಮತ್ತೊಮ್ಮೆ ತೋರಿಸುವುದು) ಸರಿಯಾಗಿ ಅಲ್ಲಿಯೇ ಬೀಳುತ್ತದೆ. ಸೀಳುಕಿಂಡಿಯ ಮುಂದೆ ನೇರಳೆ, ನೀಲಿಗಳನ್ನು ತಡೆಯುವ ಹಳದಿ ಫಿಲ್ಟರ್ ಹಿಡಿದಾಗ ಅದು ಮಾಯವಾದರೆ ಸಂದೇಹ ಪರಿಹಾರವಾದಂತೆ.