ಬಳ್ಳಾರಿಯ ಕಲ್ಲುಕೊಡಲಿ ಮದ್ರಾಸಿಗೆ ಯಾಕೆ ಹೋಯ್ತು?

ಬಳ್ಳಾರಿ ಪಕ್ಕದ, ಸಾವಿರಾರು ವರ್ಷ ಹಳೆಯ ಕಲ್ಲುಕೊಡಲಿಗಳು ಸಿಕ್ಕ ಸಂಗನಕಲ್ಲು ಗುಡ್ಡಕ್ಕೆ ಯಾರನ್ನೇ ಕರೆದುಕೊಂಡು ಹೋಗಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆ ಭಾನುವಾರ ಪಕ್ಕದ ಕಪ್ಪಗಲ್ಲು ಊರಿನ ಹುಡುಗನೊಬ್ಬ ಕೇಳಿದ: "ಇಲ್ಲಿ ಸಿಕ್ಕಿದ್ದು ಮದ್ರಾಸ್ ಮ್ಯೂಸಿಯಂನಾಗ ಯಾಕದಾವು ಸರ್? ಅಪಹರಿಸಿದ್ರಾ?"

ಅಪಹರಣ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮನ್ನು ಕೇಳಿ ಒಯ್ದದ್ದೂ ಅಲ್ಲ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರವರೆಗೆ ನಮಗೆ ಮದ್ರಾಸೇ ರಾಜಧಾನಿ. ಕಂದಾಯ ಅಲ್ಲಿಗೆ, ಅರ್ಜಿ ಅಲ್ಲಿಗೆ, ನೆಲದಲ್ಲಿ ಸಿಕ್ಕಿದ್ದೂ ಅಲ್ಲಿಗೆ.

ಅಲ್ಲಿನ ಮ್ಯೂಸಿಯಂ ಶುರುವಾಗಿದ್ದು 1851ರಲ್ಲಿ, ಎಡ್ವರ್ಡ್ ಬಾಲ್ಫರ್ ಎಂಬ ಸೇನೆಯ ವೈದ್ಯನ ಉಸ್ತುವಾರಿಯಲ್ಲಿ. ಮದ್ರಾಸ್ ಲಿಟರರಿ ಸೊಸೈಟಿ ಕೂಡಿಟ್ಟಿದ್ದ ಕಲ್ಲು, ಖನಿಜಗಳೇ ಅದರ ಮೊದಲ ಆಸ್ತಿ. ಕೆಲವೇ ವರ್ಷಗಳಲ್ಲಿ ಅದು ಮದ್ರಾಸಿನದೇ ಎಗ್ಮೋರ್ ಬಡಾವಣೆಗೆ ಬಂತು. ಅಲ್ಲಿ ಜೀವಂತ ಪ್ರಾಣಿಗಳನ್ನೂ ಇಟ್ಟಿದ್ದರು. ಆ ಕಾಲದಲ್ಲಿ ಮ್ಯೂಸಿಯಂ ಅಂದರೆ, ಆಳುವವರು ಈ ನೆಲದಲ್ಲಿ ಏನೇನಿದೆ ಎಂದು ಲೆಕ್ಕ ಹಾಕುವ ಜಾಗ. ಕಲೆಯ ಮಾತು ಆಮೇಲೆ ಬಂತು.

ಅದೇ ಆವರಣದಲ್ಲಿ 1906ರಲ್ಲಿ ವಿಕ್ಟೋರಿಯಾ ರಾಣಿಯ ನೆನಪಿಗೆ ಒಂದು ಭವನದ ಅಡಿಗಲ್ಲು ಹಾಕಿದರು. ಹೆನ್ರಿ ಇರ್ವಿನ್ ಅದರ ವಾಸ್ತುಶಿಲ್ಪಿ. ಗುಲಾಬಿ ಬಣ್ಣದ ಮರಳುಗಲ್ಲು, ಮೊಘಲರ ಕಟ್ಟಡಗಳನ್ನು ನೆನಪಿಸುವ ದೊಡ್ಡ ಬಾಗಿಲು. 1909ರಲ್ಲಿ ತೆರೆದರು. 1951ರಲ್ಲಿ, ಮ್ಯೂಸಿಯಂಗೆ ನೂರು ತುಂಬಿದ ವರ್ಷ, ನೆಹರೂ ಅವರು ಅದೇ ಕಟ್ಟಡವನ್ನು ನ್ಯಾಷನಲ್ ಆರ್ಟ್ ಗ್ಯಾಲರಿಯಾಗಿ ಉದ್ಘಾಟಿಸಿದರು. ದೆಹಲಿಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಶುರುವಾಗಿದ್ದು 1954ರಲ್ಲಿ. ಅಂದರೆ ಮದ್ರಾಸು ಅದಕ್ಕಿಂತ ಮುಂದೆ! ರಾಣಿಯ ಹೆಸರಿನ ಗೋಡೆಗಳ ಒಳಗೆ ರವಿವರ್ಮನ ಚಿತ್ರಗಳು, ತಂಜಾವೂರು ಚಿತ್ರಗಳು ಬಂದವು. ಒಂದು ಆಳ್ವಿಕೆಯ ನೆನಪಿಗೆ ಕಟ್ಟಿದ ಮನೆ ಜನರ ಮನೆಯಾಯಿತು. ಇದು ಸಣ್ಣ ಮಾತಲ್ಲ ಅಲ್ವಾ? ಮುಂದೆ ಕಟ್ಟಡ ಶಿಥಿಲವಾಗಿ ಹಲವು ವರ್ಷ ಬಾಗಿಲು ಮುಚ್ಚಿತ್ತು ಅನ್ನುವುದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಗಮನಿಸಿ, 1951ರಲ್ಲಿ ನಾವಿನ್ನೂ ಮದ್ರಾಸಿನವರೇ. ಎರಡು ವರ್ಷಕ್ಕೆ, 1953ರ ಅಕ್ಟೋಬರ್ 1ರಂದು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಜಿಲ್ಲೆ ಬಂತು, ಕೊಡಲಿಗಳು ಬರಲಿಲ್ಲ.

ಆ ಕೊಡಲಿಗಳ ಕಥೆ ಕೇಳಿ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ನಮ್ಮ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ನಡೆಯುತ್ತಿತ್ತು. ಗುಡ್ಡದ ಗ್ರಾನೈಟಿನ ನಡುವೆ ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ತಿಕ್ಕಿ ನುಣುಪು ಮಾಡುತ್ತಿದ್ದರು. ತಿಕ್ಕಿದ ಗುಳಿಗಳು ಇವತ್ತಿಗೂ ಇವೆ. ಅದರೊಳಗೆ ಕೈ ಇಟ್ಟರೆ ನನಗೆ ಮಾತೇ ಬರುವುದಿಲ್ಲ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಇಲ್ಲಿಗೆ ಬಂದ. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ 1895ರಲ್ಲಿ ಪುಸ್ತಕವನ್ನೇ ಬರೆದ. ದಕ್ಷಿಣದಲ್ಲೆಲ್ಲ ಸುತ್ತಿ ಕೂಡಿಸಿದ್ದ ತನ್ನ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದ. ಪೂರ್ತಿ ಉತ್ತರ ಇಲ್ಲೇ ಇದೆ. ಗುಡ್ಡ ನಮ್ಮದು, ಮಾರಿದವನು ಅವನು, ಕೊಂಡದ್ದು ಸರ್ಕಾರ. ಗುಡ್ಡದ ಕೆಳಗಿನ ಊರಿನವರ ಹೆಸರು ಆ ವ್ಯವಹಾರದಲ್ಲಿ ಎಲ್ಲೂ ಇಲ್ಲ.

ಆದರೂ ಫೂಟ್ ಬಗ್ಗೆ ನನಗೆ ಗೌರವ ಜಾಸ್ತಿ. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತು ಎಂದು ಬರೆದಿಟ್ಟ. ಅವನು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ, ಆ ಪಟ್ಟಿ ಅಚ್ಚಾಯಿತು. ಊರಿನ ಹೆಸರಿಲ್ಲದ ಕೊಡಲಿ ಸುಮ್ನೆ ಒಂದು ಕಲ್ಲು. ಅವನು ಬರೆದದ್ದರಿಂದಲೇ ಇವತ್ತು ನಾವು "ಇದು ನಮ್ಮದು" ಎಂದು ಕೈತೋರಿಸಬಹುದು.

ಎಲ್ಲವನ್ನೂ ವಾಪಸ್ ತರಬೇಕಾ ಎಂದೂ ಕೇಳುತ್ತಾರೆ. ನನಗೆ ಆ ಹಟ ಇಲ್ಲ. ನೂರಿಪ್ಪತ್ತು ವರ್ಷ ಮದ್ರಾಸು ಅವನ್ನು ಕಾಪಾಡಿದೆ. ಇತ್ತ ಗುಡ್ಡಗಳು ಕ್ವಾರಿಗೆ ಕರಗಿದ್ದನ್ನೂ ನಾವು ನೋಡಿದ್ದೇವೆ. ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನದೇ ಒಂದು ಪ್ರಾಗೈತಿಹಾಸಿಕ ಮ್ಯೂಸಿಯಂ ಇದೆ. ಚೆನ್ನೈನಲ್ಲಿರುವ ನಮ್ಮ ಜಿಲ್ಲೆಯ ಒಂದೊಂದು ಕೊಡಲಿಯ ಫೋಟೋ, ಕೆಳಗೆ ಕನ್ನಡದಲ್ಲಿ ಅದರ ಊರಿನ ಹೆಸರು, ಇಲ್ಲಿನ ಗೋಡೆಯ ಮೇಲೆ ಬರಲಿ. ಕಪ್ಪಗಲ್ಲಿನ ಆ ಹುಡುಗ ಬಂದು ತನ್ನ ಊರಿನ ಹೆಸರು ಓದಲಿ.