ಸಿಕ್ಕಿಕೊಂಡಾಗ ಹಿಂಟ್ ಎಷ್ಟು, ಉತ್ತರ ಎಷ್ಟು

ಅಡ್ವೆಂಚರ್ ಗೇಮಿನಲ್ಲಿ, ಅಂದರೆ ಒಗಟು ಬಿಡಿಸುತ್ತ ಕತೆಯಲ್ಲಿ ಮುಂದೆ ಹೋಗುವ ಕಂಪ್ಯೂಟರ್ ಆಟದಲ್ಲಿ, ಸಿಕ್ಕಿಕೊಂಡವರು ಸಾಮಾನ್ಯವಾಗಿ ಮಾಡುವುದು ಒಂದೇ: ಗೇಮಿನ ಹೆಸರಿನ ಪಕ್ಕ ‘ವಾಕ್‌ಥ್ರೂ’ (ಗೇಮನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ತೋರಿಸುವ ಬರಹ) ಅಂತ ಟೈಪ್ ಮಾಡಿ ಮೊದಲು ಸಿಕ್ಕ ಪುಟ ತೆರೆಯುವುದು. ಬೇಕಾದ ಸಾಲು ಸಿಗುತ್ತದೆ, ಅದರ ಕೆಳಗಿನ ನಾಲ್ಕು ಸಾಲೂ ಬೇಡವೆಂದರೂ ಕಣ್ಣಿಗೆ ಬೀಳುತ್ತವೆ. ಒಂದು ಒಗಟಿನ ಉತ್ತರಕ್ಕೆ ಹೋದವರು ಮುಂದಿನ ಮೂರು ಒಗಟು ಕಳಕೊಂಡು ಬರುತ್ತಾರೆ. ಯಾಕೆ ಸಿಕ್ಕಿಕೊಂಡಿದ್ದೇವೆ ಅಂತ ಮೊದಲು ಗೊತ್ತು ಮಾಡಿಕೊಂಡರೆ ಎಷ್ಟು ಸಹಾಯ ಬೇಕು ಅನ್ನುವುದೂ ಗೊತ್ತಾಗುತ್ತದೆ. (ಕೆಳಗೆ ಕೆಲವು ಹಳೇ ಗೇಮ್‌ಗಳ ಉತ್ತರಗಳಿವೆ. ಆಡಬೇಕೆಂದಿರುವ ಗೇಮಿನ ಹೆಸರು ಕಂಡರೆ ಆ ಪ್ಯಾರಾ ಹಾರಿಸಿಬಿಡಿ.)

ಹಿಂಟ್ ಹುಡುಕುವ ಮೊದಲು ಹತ್ತು ನಿಮಿಷದ ಕೆಲಸವಿದೆ. ಹೊಸ ಸ್ಲಾಟ್‌ನಲ್ಲಿ ಸೇವ್ ಮಾಡಿ, ಹಳೆಯದರ ಮೇಲೆ ಬೇಡ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ದಾರಿಗೆ ಅಡ್ಡ ನಿಂತಿರುವುದೆಲ್ಲ ಬರಲಿ: ಬೀಗ, ಕಾವಲುಗಾರ, ಮುರಿದ ಸೇತುವೆ. ಇನ್ನೊಂದರಲ್ಲಿ ಇನ್ವೆಂಟರಿಯಲ್ಲಿದ್ದು (ಗೇಮಿನಲ್ಲಿ ನೀವು ಎತ್ತಿಕೊಂಡದ್ದನ್ನು ಇಡುವ ಚೀಲ) ಇನ್ನೂ ಬಳಕೆಗೆ ಬಾರದ ವಸ್ತುಗಳು. ಅಡ್ಡಿಗಳು ಉಳಿದು ವಸ್ತುಗಳು ಖಾಲಿಯಾಗಿದ್ದರೆ, ಎಲ್ಲೋ ಏನನ್ನೋ ಎತ್ತಿಕೊಳ್ಳದೆ ಬಂದಿದ್ದೀರಿ. ವಸ್ತುಗಳು ತುಂಬಿದ್ದು ಅಡ್ಡಿಯೇ ಕಾಣದಿದ್ದರೆ, ಒಂದು ದಾರಿ ಕಣ್ತಪ್ಪಿದೆ, ಇಲ್ಲವೇ ಯಾರ ಜೊತೆಗೋ ಮಾತು ಬಾಕಿಯಿದೆ. ಎರಡೂ ಪಟ್ಟಿಯಲ್ಲಿ ಏನಾದರೂ ಇದ್ದರೆ ಮಾತ್ರ ನಿಮ್ಮೆದುರು ಇರುವುದು ನಿಜವಾದ ಒಗಟು.

ವಸ್ತು ಕಣ್ತಪ್ಪಿದ್ದರೆ ಅದಕ್ಕೆ ವಾಕ್‌ಥ್ರೂ ಬೇಕಾಗಿಲ್ಲ. ಈಚಿನ ಬಹಳಷ್ಟು ಗೇಮ್‌ಗಳಲ್ಲಿ ಸ್ಪೇಸ್ ಅಥವಾ ಟ್ಯಾಬ್ ಒತ್ತಿದರೆ ಆ ದೃಶ್ಯದಲ್ಲಿ ಕ್ಲಿಕ್ ಮಾಡಬಹುದಾದ ಜಾಗಗಳೆಲ್ಲ ಮಿನುಗುತ್ತವೆ. ಇದನ್ನು ಮೋಸ ಅನ್ನುವವರಿದ್ದಾರೆ. ಕತ್ತಲೆ ಹಿನ್ನೆಲೆಯಲ್ಲಿ ನಾಲ್ಕು ಪಿಕ್ಸೆಲ್‌ನ ಕೀಲಿ ಹುಡುಕುವುದರಲ್ಲಿ ಯಾವ ಬುದ್ಧಿವಂತಿಕೆಯೂ ಇಲ್ಲ, ಧಾರಾಳವಾಗಿ ಒತ್ತಿ. ಆ ಸೌಲಭ್ಯವಿಲ್ಲದ ಹಳೇ ಗೇಮ್ ಆದರೆ ಪರದೆಯ ಕೆಳ ಅಂಚನ್ನು ಮೊದಲು ನೋಡಿ. ನೋಡುಗನ ಕಡೆಗೆ ಬರುವ ದಾರಿಗಳು ಅಲ್ಲೇ ಅಡಗಿರುತ್ತವೆ. ಕೈಯಲ್ಲಿರುವ ವಸ್ತುಗಳನ್ನೂ ಒಂದೊಂದಾಗಿ ‘ನೋಡು’ ಮಾಡಿ. ಪರ್ಸಿನೊಳಗೆ ಚೀಟಿ, ಕೋಟಿನ ಜೇಬಿನೊಳಗೆ ಟಿಕೆಟ್ ಇಡುವುದು ಈ ಗೇಮ್‌ಗಳ ಹಳೇ ಚಾಳಿ. ಕತೆಯಲ್ಲಿ ಏನಾದರೂ ದೊಡ್ಡದು ನಡೆದ ಮೇಲೆ ಎಲ್ಲರನ್ನೂ ಇನ್ನೊಮ್ಮೆ ಮಾತಾಡಿಸಿ, ಮೊದಲು ‘ಗೊತ್ತಿಲ್ಲ’ ಅಂದವನು ಈಗ ಬಾಯಿ ಬಿಡಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಹಿಂಟ್ ಕೇಳಿ. ಆದರೆ ‘ಇದನ್ನು ಹೇಗೆ ಮಾಡುವುದು’ ಅಂತ ಕೇಳಬೇಡಿ. ‘ಇದನ್ನು ಈಗಲೇ ಮಾಡಲು ಸಾಧ್ಯವೇ, ಬೇಕಾದದ್ದೆಲ್ಲ ನನ್ನ ಹತ್ತಿರ ಇದೆಯೇ’ ಅನ್ನುವುದು ಮೊದಲ ಪ್ರಶ್ನೆ. ಆಡಿ ಮುಗಿಸಿದ ಗೆಳೆಯರು ಯಾರಾದರೂ ಇದ್ದರೆ ಹೌದು, ಇಲ್ಲ ಅಂದರೆ ಸಾಕು. ಅರ್ಧಕ್ಕರ್ಧ ಸಲ ಆ ಒಂದು ಪದದಲ್ಲೇ ಬೀಗ ತೆರೆಯುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಹಿಂಟ್ ಕೊಡುವುದು ಇಂಟರ್‌ನೆಟ್‌ಗಿಂತ ಹಳೆಯ ಉಪಾಯ. 1980ರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಟೆಕ್ಸ್ಟ್ ಗೇಮ್‌ಗಳಿಗೆ ಇನ್ವಿಸಿಕ್ಲೂಸ್ ಅನ್ನುವ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆಗಳು ಮಾಮೂಲಿ ಶಾಯಿಯಲ್ಲಿ, ಉತ್ತರಗಳು ಕಾಣದ ಶಾಯಿಯಲ್ಲಿ. ಜೊತೆಗೆ ಕೊಟ್ಟ ಮಾರ್ಕರ್ ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತಿತ್ತು. ಮೊದಲ ಸಾಲು ಬರೀ ಸುಳಿವು, ಕೊನೆಯದು ಪೂರ್ತಿ ಉತ್ತರ. ಗೇಮಿನಲ್ಲಿ ಇಲ್ಲವೇ ಇಲ್ಲದ ವಿಷಯಗಳ ಬಗ್ಗೆಯೂ ಒಂದಿಷ್ಟು ಸುಳ್ಳು ಪ್ರಶ್ನೆ ಸೇರಿಸಿರುತ್ತಿದ್ದರು. ಪ್ರಶ್ನೆ ಓದಿಯೇ ಮುಂದೇನಿದೆ ಅಂತ ಊಹಿಸುವವರಿಗೆ ಇಟ್ಟ ಬೋನು ಅದು. 1988ರಲ್ಲಿ ಶುರುವಾದ ಯೂನಿವರ್ಸಲ್ ಹಿಂಟ್ ಸಿಸ್ಟಮ್, ಅಂದರೆ ಯುಎಚ್‌ಎಸ್, ಇದೇ ಕ್ರಮವನ್ನು ಕಂಪ್ಯೂಟರಿಗೆ ತಂದಿತು. ಪ್ರಶ್ನೆ ಆರಿಸಿದರೆ ಒಂದು ಹಿಂಟ್ ಮಾತ್ರ ತೋರಿಸುತ್ತದೆ, ಸಾಲದಿದ್ದರೆ ಇನ್ನೊಂದು. ಅಲ್ಲಿ ಒಂದು ಎಚ್ಚರಿಕೆ: ಪ್ರಶ್ನೆಗಳ ಪಟ್ಟಿಯೂ ಒಂದು ಸ್ಪಾಯ್ಲರ್, ಮುಂದೆ ಬರುವುದನ್ನು ಮೊದಲೇ ಬಿಟ್ಟುಕೊಡುತ್ತದೆ. ನೀವು ಇನ್ನೂ ಕಾಲಿಡದ ಜಾಗದ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಒಂದು ಹಿಂಟ್ ತೆರೆದ ಮೇಲೆ ಆ ಪುಟ ಮುಚ್ಚಿ ಕಾಲು ಗಂಟೆಯಾದರೂ ಆಡಿ, ಆಮೇಲೆ ಎರಡನೆಯದು.

ಗೇಮಿನೊಳಗೇ ಹಿಂಟ್ ಇದ್ದರೆ ಹೊರಗಡೆ ಹೋಗುವುದು ದಂಡ. ಥಿಂಬಲ್‌ವೀಡ್ ಪಾರ್ಕ್‌ನಲ್ಲಿ (2017) ಯಾವುದಾದರೂ ಫೋನ್ ಎತ್ತಿ 4468 ಒತ್ತಿದರೆ ಹಿಂಟ್ ಲೈನ್ ಸಿಗುತ್ತದೆ. ಫೋನ್ ಗುಂಡಿಗಳ ಮೇಲಿನ ಅಕ್ಷರ ಕೂಡಿಸಿದರೆ ಆ ನಾಲ್ಕು ಅಂಕಿ ‘ಹಿಂಟ್’ ಅಂತಲೇ ಆಗುತ್ತದೆ. ನಮಗೆ ಹೆಚ್ಚು ಇಷ್ಟವಾಗುವುದು ಮಷಿನೇರಿಯಮ್‌ನ (2009) ವ್ಯವಸ್ಥೆ. ಪ್ರತಿ ದೃಶ್ಯಕ್ಕೂ ಒಂದು ಬಲ್ಬ್, ಒತ್ತಿದರೆ ಗುರಿ ಏನು ಅನ್ನುವುದಷ್ಟೇ ಚಿತ್ರದಲ್ಲಿ ಬರುತ್ತದೆ. ಪೂರ್ತಿ ಉತ್ತರದ ಪುಸ್ತಕವೂ ಇದೆ, ಆದರೆ ಅದಕ್ಕೆ ಬೀಗ. ತೆರೆಯಬೇಕಾದರೆ ಒಂದು ಪುಟ್ಟ ಶೂಟಿಂಗ್ ಗೇಮ್ ಆಡಿ ಗೆಲ್ಲಬೇಕು. ಆ ಆಟ ಎಷ್ಟು ಸಪ್ಪೆ ಅಂದರೆ ಎರಡನೇ ಸಲ ಆಡುವ ಬದಲು ಒಗಟನ್ನೇ ಬಿಡಿಸೋಣ ಅನ್ನಿಸುತ್ತದೆ. ಗೇಮಿನಲ್ಲಿ ಸಂಭಾಷಣೆಯೇ ಇಲ್ಲದ್ದರಿಂದ ಇಂಗ್ಲಿಷ್ ಬಾರದ ಮಕ್ಕಳ ಜೊತೆ ಕೂತು ಆಡುವುದಕ್ಕೂ ಒಳ್ಳೆಯದು.

ಭಾಷೆಯಿಂದಲೇ ಸಿಕ್ಕಿಕೊಳ್ಳುವುದು ಬೇರೆ ಕತೆ. ಮಂಕಿ ಐಲೆಂಡ್ 2ರಲ್ಲಿ (1991) ಫ್ಯಾಟ್ ದ್ವೀಪದ ಜಲಪಾತ ನಿಲ್ಲಿಸಲು ಅಲ್ಲಿನ ಪಂಪನ್ನು ತಿರುಗಿಸಬೇಕು. ಅದಕ್ಕೆ ಬೇಕಾದ ಹತಾರ ಒಂದು ಮಂಗ! ಸ್ಕ್ಯಾಬ್ ದ್ವೀಪದ ಬಾರ್‌ನಲ್ಲಿ ಪಿಯಾನೋ ನುಡಿಸುವ ಜೋಜೋ ಅನ್ನುವ ಮಂಗವಿದೆ. ಪಿಯಾನೋ ಮೇಲೆ ಕಡ್ಡಿ ಓಲಾಡಿಸಿ ತಾಳ ಹಾಕುವ ಮೆಟ್ರೊನೋಮ್‌ಗೆ ಬಾಳೆಹಣ್ಣು ಸಿಕ್ಕಿಸಿದರೆ ಅತ್ತಿತ್ತ ಓಲಾಡುವ ಹಣ್ಣನ್ನೇ ನೋಡುತ್ತ ಅದು ಮರಗಟ್ಟಿ ನಿಲ್ಲುತ್ತದೆ. ಎತ್ತಿ ಜೇಬಿಗಿಳಿಸಿ, ಪಂಪಿನ ಮೇಲೆ ಬಳಸಬೇಕು. ಅಮೆರಿಕದಲ್ಲಿ ಒಂದು ಬಗೆಯ ಪಾನಾಕ್ಕೆ ‘ಮಂಕಿ ರೆಂಚ್’ ಅನ್ನುತ್ತಾರೆ, ತಮಾಷೆ ಇರುವುದು ಆ ಹೆಸರಲ್ಲಿ. ನಮ್ಮ ಪ್ಲಂಬರ್ ಚೀಲದಲ್ಲಿ ಅದು ಪೈಪ್ ಪಾನಾ, ಇಲ್ಲವೇ ಸ್ಪ್ಯಾನರ್. ಅಲ್ಲಿಗೆ ಮಂಗ ಎಲ್ಲಿಂದ ಬರಬೇಕು? ಇಂಥ ಕಡೆ ‘ಇನ್ನೂ ಯೋಚಿಸಿ’ ಅನ್ನುವ ಹಿಂಟ್ ಕಾಸಿನ ಉಪಯೋಗಕ್ಕೂ ಇಲ್ಲ. ಪದ ಗೊತ್ತಿಲ್ಲದವನು ಸಾವಿರ ವರ್ಷ ಯೋಚಿಸಿದರೂ ಅದು ಹೊಳೆಯುವುದಿಲ್ಲ. ಸೀದಾ ಉತ್ತರ ನೋಡಿಬಿಡಿ.

ಸೀದಾ ಉತ್ತರಕ್ಕೆ ಹೋಗಬೇಕಾದ ಇನ್ನೊಂದು ಪ್ರಸಂಗ ಬ್ರೋಕನ್ ಸ್ವೋರ್ಡ್‌ನ (1996) ಆಡು. ಐರ್ಲೆಂಡಿನ ಕೋಟೆಯಲ್ಲಿ, ಅಗೆತ ನಡೆದ ಜಾಗದಲ್ಲಿ, ಹಗ್ಗ ಕಟ್ಟಿದ ಆಡೊಂದು ದಾರಿ ಕಾಯುತ್ತದೆ. ಮುಂದೆ ಹೆಜ್ಜೆಯಿಟ್ಟರೆ ಹಾಯ್ದು ಕೆಡವುತ್ತದೆ. ಇದರ ಬಾಯಿಗೆ ಯಾವ ಸೊಪ್ಪು ಕೊಟ್ಟೂ ಪ್ರಯೋಜನವಿಲ್ಲ. ಬೇಕೆಂದೇ ಒಮ್ಮೆ ಗುದ್ದಿಸಿಕೊಳ್ಳಬೇಕು, ಬಿದ್ದ ಕಥಾನಾಯಕ ಜಾರ್ಜ್ ಏಳುತ್ತಿರುವಾಗಲೇ ಅಲ್ಲಿರುವ ಹಳೇ ನೇಗಿಲ ಯಂತ್ರದ ಮೇಲೆ ಕ್ಲಿಕ್ ಮಾಡಬೇಕು. ಆಡು ಮತ್ತೆ ನುಗ್ಗಿ ಬಂದಾಗ ಹಗ್ಗ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದೆರಡು ಸೆಕೆಂಡ್ ತಡವಾದರೆ ಮತ್ತೆ ಮೊದಲಿಂದ. ಅಲ್ಲಿಯವರೆಗೆ ಗೇಮ್ ಆಟಗಾರನಿಗೆ ಕಲಿಸಿದ್ದು ‘ನಿಧಾನವಾಗಿ ಯೋಚಿಸು’ ಅನ್ನುವುದನ್ನು. ಇಲ್ಲಿ ಮಾತ್ರ ಹೇಳದೆ ಕೇಳದೆ ‘ಬೇಗ ಕ್ಲಿಕ್ ಮಾಡು’ ಅನ್ನುತ್ತದೆ. ಸರಿಯಾದ ಕೆಲಸವನ್ನೇ ನಿಧಾನವಾಗಿ ಮಾಡಿದವರು ‘ಇದಲ್ಲ’ ಅಂದುಕೊಂಡು ಅದನ್ನೇ ಕೈಬಿಡುತ್ತಾರೆ. ಅಲ್ಲಿರುವ ದೋಷ ಆಟಗಾರನದಲ್ಲ.

ಇನ್ನು ಸಿಯೆರಾ ಕಂಪನಿಯ ಹಳೇ ಗೇಮ್‌ಗಳಲ್ಲಿ ಒಗಟು ಸರಿಯಾಗಿಯೇ ಇದ್ದರೂ ನೀವು ಎಂದೋ ಸೋತಿರಬಹುದು. ಕಿಂಗ್ಸ್ ಕ್ವೆಸ್ಟ್ 5ರಲ್ಲಿ (1990) ಊರಿನಲ್ಲಿ ಬೆಕ್ಕೊಂದು ಇಲಿ ಅಟ್ಟಿಸಿಕೊಂಡು ಓಡುತ್ತದೆ. ಆ ಕ್ಷಣದಲ್ಲಿ ಹಳೇ ಶೂ ಎಸೆದು ಇಲಿ ಉಳಿಸದಿದ್ದರೆ, ಬಹಳ ಹೊತ್ತಿನ ಮೇಲೆ ನಿಮ್ಮನ್ನು ನೆಲಮಾಳಿಗೆಯಲ್ಲಿ ಕಟ್ಟಿ ಹಾಕಿದಾಗ ಹಗ್ಗ ಕಡಿಯಲು ಯಾರೂ ಬರುವುದಿಲ್ಲ. ಹಸಿವಾಯಿತೆಂದು ಕಡುಬಿನಂಥ ಆ ಪೈ ತಿಂದುಬಿಟ್ಟರೆ ಯೇತಿಯ ಮುಖಕ್ಕೆ ಎಸೆಯಲು ಏನೂ ಇರುವುದಿಲ್ಲ. ಇಂಥ ಗೇಮ್ ಶುರು ಮಾಡುವ ಮೊದಲೇ ಅದರ ‘ಡೆಡ್ ಎಂಡ್’ ಪಟ್ಟಿ ಓದಿಕೊಂಡಿರುವುದು ಜಾಣತನ, ಸ್ಪಾಯ್ಲರ್ ಆದರೂ ಪರವಾಗಿಲ್ಲ. ಹೊಸ ಪ್ರದೇಶಕ್ಕೆ ಕಾಲಿಡುವ ಮುನ್ನ ಪ್ರತಿ ಸಲವೂ ಬೇರೆ ಸೇವ್ ಇರಲಿ.

ಕೊನೆಗೆ ವಾಕ್‌ಥ್ರೂ ತೆರೆಯಲೇಬೇಕಾದರೆ, ಮೇಲಿಂದ ಸ್ಕ್ರೋಲ್ ಮಾಡುತ್ತ ಬರಬೇಡಿ. ಕಂಟ್ರೋಲ್-ಎಫ್ ಒತ್ತಿ, ನೀವು ಈಗಾಗಲೇ ಮಾಡಿ ಮುಗಿಸಿದ ಕೊನೆಯ ಕೆಲಸದ ಪದ ಹುಡುಕಿ. ಬ್ರೌಸರ್ ಕಿಟಕಿಯನ್ನು ಮೊದಲೇ ನಾಲ್ಕು ಸಾಲಿನಷ್ಟು ಎತ್ತರಕ್ಕೆ ಇಳಿಸಿಟ್ಟುಕೊಂಡಿದ್ದರೆ ಕಣ್ಣು ಓಡುವುದಕ್ಕೆ ಜಾಗವೇ ಇರುವುದಿಲ್ಲ. ಮುಗಿಸಿದ್ದನ್ನು ಗುರುತಿಸಿ, ಅದರ ಮುಂದಿನ ಒಂದು ವಾಕ್ಯ ಓದಿ ಮುಚ್ಚಿ. ವೀಡಿಯೊ ಈ ಕೆಲಸಕ್ಕೆ ತೀರಾ ಕಡೆ: ಬೇಕಾದ ಕ್ಷಣ ಹುಡುಕಲು ಎಳೆಯುವಾಗಲೇ ಅರ್ಧ ಗೇಮ್ ಕಂಡುಹೋಗುತ್ತದೆ. ಆಡಿನಂಥ ಟೈಮಿಂಗ್ ಒಗಟಿಗೆ ಮಾತ್ರ ಅದಕ್ಕೆ ಬೆಲೆ. ಎಐ ಚಾಟ್‌ಬಾಟ್ ಕೇಳುವವರು ಒಂದು ನೆನಪಿಡಿ. ಹೆಸರಿಲ್ಲದ ಸಣ್ಣ ಗೇಮ್ ಆದರೆ ಅದು ಇಲ್ಲದ ಕೀಲಿಯನ್ನು ಇಲ್ಲದ ಡ್ರಾಯರ್‌ನಲ್ಲಿ ಇಟ್ಟು, ಪೂರ್ತಿ ಧೈರ್ಯದಿಂದ ಹೇಳಿಬಿಡಬಹುದು. ಅದು ಹೇಳಿದ ವಸ್ತು ನಿಮ್ಮ ಗೇಮಿನಲ್ಲಿ ಕಾಣದಿದ್ದರೆ ಹುಡುಕುತ್ತ ಕೂರಬೇಡಿ.

ವಾಕ್‌ಥ್ರೂನಲ್ಲಿರುವ ಅಂಕಿ ಹಾಕಿದರೂ ಬಾಗಿಲು ತೆರೆಯದಿದ್ದರೆ ಅದು ತಪ್ಪು ಬರೆದಿದ್ದಾರೆ ಅಂತಲ್ಲ. ಇಂಡಿಯಾನಾ ಜೋನ್ಸ್‌ನ ಫೇಟ್ ಆಫ್ ಅಟ್ಲಾಂಟಿಸ್‌ನಲ್ಲಿ (1992) ಕಲ್ಲಿನ ಬಿಲ್ಲೆಗಳನ್ನು ಜೋಡಿಸುವ ಕ್ರಮ ಪ್ರತಿ ಹೊಸ ಆಟಕ್ಕೂ ಬದಲಾಗುತ್ತದೆ. ಸಾಲದ್ದಕ್ಕೆ ನಡುವೆ ಕತೆ ಮೂರು ದಾರಿಯಾಗಿ ಒಡೆಯುತ್ತದೆ, ನಿಮ್ಮದು ಯಾವ ದಾರಿ ಅಂತ ಗೊತ್ತಿರಬೇಕು. ರಿವೆನ್‌ನಲ್ಲಿ (1997) ಗುಮ್ಮಟಗಳ ಸಂಕೇತವೂ ಹಾಗೆಯೇ, ಅದನ್ನು ನಿಮ್ಮ ಆಟದೊಳಗಿನ ದಿನಚರಿಯಿಂದಲೇ ತೆಗೆಯಬೇಕು. 2024ರ ಹೊಸ ರಿವೆನ್‌ನಲ್ಲಂತೂ ಒಗಟುಗಳನ್ನೇ ತಿದ್ದಿದ್ದಾರೆ. ಹಾಗಾಗಿ ಹುಡುಕುವಾಗ ಗೇಮಿನ ಹೆಸರಿನ ಜೊತೆ ವರ್ಷವನ್ನೂ ಟೈಪ್ ಮಾಡಿ.