ಒಂದ್ ಚಾರ್ಜಿಗೆ ಎಷ್ಟು ಟ್ಯಾಂಕ್? ಅಫಿಲಿಯೇಟ್ ಲಿಂಕಿಗೆ ಪುಕ್ಕಟೆ ಟ್ರಾಫಿಕ್ ಬರೋದು ಇಂಥಾ ಪ್ರಶ್ನೆಯಿಂದ

ಆಡ್‌ಗೆ ರೊಕ್ಕ ಹಾಕದ ಅಫಿಲಿಯೇಟ್ ಲಿಂಕಿಗೆ, ಅಂದ್ರ ಒತ್ತಿ ಹೋಗಿ ಯಾರರ ಕೊಂಡ್ರ ನಮಗ ಕಮಿಷನ್ ಬರೋ ಲಿಂಕಿಗೆ, ಜನ ಎಲ್ಲಿಂದ ಬರ್ತಾರ ಅಂತ ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹುಡುಗ್ರು ಭಾಳ ಕೇಳ್ತಾರ. ಡಿಗ್ರಿ ಮುಗ್ಸಿ ಮನ್ಯಾಗ ಇರೋರು, ಹಗಲೆಲ್ಲ ಅಂಗಡಿ ನೋಡ್ಕೊಂಡು ರಾತ್ರಿ ಲ್ಯಾಪ್‌ಟಾಪ್ ತೆಗಿಯೋರು, ಎಲ್ಲಾರ್ದೂ ಅದ ಪ್ರಶ್ನೆ. ಬಹಳ ಮಂದಿ ಲಿಂಕ್ ತಗೊಂಡು ಹೋಗಿ ವಾಟ್ಸಾಪ್ ಗ್ರೂಪಿಗೆ, ಫೇಸ್‌ಬುಕ್ ಗ್ರೂಪಿಗೆ ಹಾಕ್ತಾರ, ಅಡ್ಮಿನ್ ತೆಗೆದು ಹಾಕ್ತಾನ, ಅಲ್ಲಿಗೆ ಮುಗೀತು. ಗ್ರೂಪಿನ್ಯಾಗ ಇದ್ದೋರು ಕೊಳ್ಳಾಕ ಅಂತ ಬಂದಿರಂಗಿಲ್ಲಲ್ಲ, ನೆಂಟರ ಸುದ್ದಿ, ಊರ ಸುದ್ದಿ ನೋಡಾಕ ಬಂದಿರ್ತಾರ. ಗೂಗಲ್‌ಗೆ ಬಂದು ತಾನಾಗೇ ಟೈಪ್ ಮಾಡಿ ಕೇಳೋ ಮನುಷ್ಯಾ ಬ್ಯಾರೆ. ಅವಂಗ ಸಾಮಾನು ಬೇಕು ಅನ್ನೋದು ಆಗಲೇ ಗಟ್ಟಿ ಆಗಿರ್ತೈತಿ, ಯಾವುದು ತಗೋಬೇಕು ಅನ್ನೋದೊಂದ ಬಾಕಿ. ಅಂಥವ ಏನ್ ಕೇಳ್ತಾನ ಅಂತ ಮೊದಲ ಹುಡುಕಿ ತಿಳ್ಕೊಳ್ಳೋದಕ್ಕ ಕೀವರ್ಡ್ ರಿಸರ್ಚ್ ಅಂತಾರ, ಮತ್ತ ಈ ಕೆಲಸಕ್ಕ ನಮ್ಮಂಥ ಊರಾಗ ಇರೋದ ಒಂದು ಲಾಭ ಅಂತ ನನಗ ಖಾತ್ರಿ ಐತಿ, ಯಾಕಂತ ಮುಂದ ಹೇಳ್ತೀನಿ.

ಗೊತ್ತಿಲ್ಲದೋರಿಗೆ ಮೊದಲ ಎರಡ್ ಮಾತು. ಅಮೆಜಾನ್ ಅಸೋಸಿಯೇಟ್ಸ್ ಅನ್ನೋ ಅಮೆಜಾನಿನ ಅಫಿಲಿಯೇಟ್ ಯೋಜನೆ 1996ರಾಗ ಅಮೆರಿಕಾದಾಗ ಶುರು ಆತು, ಈಗ ನಮ್ಮಲ್ಲೂ ಐತಿ, ಸೇರಾಕ ಫೀಸ್ ಇಲ್ಲ. ನಿಮ್ಮ ಗುರುತಿನ ಟ್ಯಾಗ್ ಇರೋ ಲಿಂಕ್ ಕೊಡ್ತಾರ, ಅದನ್ನ ಒತ್ತಿ ಹೋದವ 24 ತಾಸಿನ್ಯಾಗ ಕೊಂಡ್ರ ನಿಮಗ ಕಮಿಷನ್, ಕೊಂಡವಂಗ ಬೆಲೆ ಏನೂ ಹೆಚ್ಚಾಗಂಗಿಲ್ಲ. ಸಾಮಾನಿನ ಮ್ಯಾಲೆ ಪರ್ಸೆಂಟ್ ಬ್ಯಾರೆ ಬ್ಯಾರೆ. ನಿಮ್ಮ ಲಿಂಕಿಂದ ನೀವ ಕೊಂಡಿದ್ದು ಲೆಕ್ಕಕ್ಕ ಇಲ್ಲ. ಹೊಸ ಅಕೌಂಟಿಗೆ 180 ದಿನದಾಗ 3 ಸೇಲ್ ಆಗ್ಲೇಬೇಕು, ಇಲ್ಲಾಂದ್ರ ಮುಚ್ತಾರ. ಈ 180 ದಿನದ ಷರತ್ತು ಮನಸ್ಸಿನ್ಯಾಗ ಇಟ್ಕೊಂಡ್ರ ಯಾವ ಕೀವರ್ಡ್ ಮೊದಲ ಹಿಡೀಬೇಕು ಅನ್ನೋದು ಅರ್ಧ ಇಲ್ಲೇ ತಿಳೀತೈತಿ. "ಡ್ರಿಪ್ ನೀರಾವರಿ ಅಂದ್ರ ಏನು" ಅಂತ ಕೇಳೋನು ಓದಿ ಹೋಗ್ತಾನ, "2 ಎಕರೆಗೆ ಯಾವ ಬ್ಯಾಟರಿ ಸ್ಪ್ರೇಯರ್ ಒಳ್ಳೇದು" ಅಂತ ಕೇಳೋನು ಇವತ್ತ ನಾಳೆ ಕೊಳ್ತಾನ.

ಸ್ಪ್ರೇಯರ್ ಮಾತು ಬಂತಲ್ಲ, ಅದನ್ನ ಬಿಡಿಸಿ ಹೇಳ್ತೀನಿ. ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದ ಮ್ಯಾಲೆ ಆಗಸ್ಟ್, ಸೆಪ್ಟೆಂಬರ್‌ದಾಗ ನಮ್ಮ ಕಡೆ ಯಾವ ಕೃಷಿ ಸಾಮಾನಿನ ಅಂಗಡಿ ಮುಂದ ನಿಂತ್ರೂ ಎಣ್ಣಿ (ಕೀಟನಾಶಕ) ಹೊಡಿಯೋ ಪಂಪಿಂದ ಮಾತು. ಡಬ್ಬಿ ಮ್ಯಾಲೆ ಕಂಪನಿಯೋರು ಬರ್ದಿರೋದು 16 ಲೀಟರ್, 12 ವೋಲ್ಟ್, 8 ಎಎಚ್ (ಆಂಪಿಯರ್ ತಾಸು, ಬ್ಯಾಟರಿ ಎಷ್ಟು ಕರೆಂಟ್ ಹಿಡೀತೈತಿ ಅನ್ನೋ ಅಳತಿ) ಅಂತ. ಕೊಳ್ಳಾಕ ಬಂದ ರೈತ ಅದನ್ನ ಒಂದೂ ಕೇಳಂಗಿಲ್ಲ. "ಅಣ್ಣಾರ, ಒಂದ್ ಚಾರ್ಜಿಗೆ ಎಷ್ಟು ಟ್ಯಾಂಕ್ ಹೊಡೀತೈತ್ರಿ?" ಅಂತಾನ. "ರಾತ್ರಿ ಕರೆಂಟ್ ಹೋದ್ರ ಅರ್ಧ ಚಾರ್ಜಿನ್ಯಾಗ ನಡೀತೈತೇನ್ರಿ, ಬ್ಯಾಟರಿ ಹೋದ್ರ ಇಲ್ಲೇ ಸಿಗತೈತೇನ್ರಿ?" ಅಂತಾನ. ಈ ಪ್ರಶ್ನೆಗಳೇ ಕೀವರ್ಡ್. ಯಾವ ಟೂಲ್‌ಗೂ ತಿಂಗಳಿಗೆ ರೊಕ್ಕ ಕಟ್ಟದ ಸಿಕ್ಕಂಥವು, ಮತ್ತ ಬೆಂಗಳೂರಾಗ ಎಸಿ ರೂಮಿನ್ಯಾಗ ಕುಂತು ಬರಿಯೋರಿಗೆ ಸಿಗದಂಥವು.

ಪ್ರಶ್ನೆ ಸಿಕ್ಕ ಮ್ಯಾಲೆ ಉತ್ತರ ಪೂರ್ತಿ ಕೊಡಬೇಕು. 8 ಎಎಚ್ ಬ್ಯಾಟರಿ, ಮೋಟರ್ 2 ಆಂಪಿಯರ್ ಎಳೀತೈತಿ ಅಂತ ಹಿಡ್ಕೊಳ್ರಿ, ಲೆಕ್ಕಕ್ಕ 4 ತಾಸು ಆತು. ನಾಝಲ್ ನಿಮಿಷಕ್ಕ 1 ಲೀಟರ್ ಬಿಟ್ರ 16 ಲೀಟರ್ ಖಾಲಿ ಆಗಾಕ 16 ನಿಮಿಷ, ಅಂದ್ರ 15 ಟ್ಯಾಂಕ್. ನಾಝಲ್ ದೊಡ್ಡದಾದ್ರ ಟ್ಯಾಂಕ್ ಜಲ್ದಿ ಖಾಲಿ ಆಗತೈತಿ, ಮೋಟರ್ ಹೆಚ್ಚು ಎಳೆದ್ರ ತಾಸು ಕಮ್ಮಿ ಆಗತೈತಿ, ಬ್ಯಾಟರಿ ಹಳೇದಾದಂಗ ಈ ಲೆಕ್ಕ ಇಳೀತಾ ಹೋಗತೈತಿ, ಲೆಡ್ ಆಸಿಡ್ ಆದ್ರ ಭಾರ ಹೆಚ್ಚು, ಲಿಥಿಯಂ ಆದ್ರ ಹಗುರ ಆದ್ರ ರೇಟ್ ಜಾಸ್ತಿ. ಇಷ್ಟನ್ನ ನಿಮ್ಮ ಬ್ಲಾಗಿನ ಒಂದು ಪೋಸ್ಟಿನ್ಯಾಗ, ಮೊದಲ ನಾಕು ಸಾಲಿನ್ಯಾಗ ಉತ್ತರ ಹೇಳಿ, ಕೆಳಗ ಲೆಕ್ಕ ಬಿಡಿಸಿ, ಆಮ್ಯಾಲೆ ಲಿಂಕ್ ಕೊಟ್ರ ಓದಿದವ ನಂಬತಾನ. ಬರೇ "ಟಾಪ್ 10 ಸ್ಪ್ರೇಯರ್" ಅಂತ ಕಂಪನಿ ಬರ್ದಿದ್ದನ್ನ ಕಾಪಿ ಹಾಕಿದ್ರ ಯಾಕ ನಂಬಬೇಕು.

ಈಗ ಕೇಳಿದ ಪ್ರಶ್ನೆ ಜನ ಗೂಗಲ್‌ನಾಗೂ ಕೇಳ್ತಾರೋ ಇಲ್ಲೋ ನೋಡೋದು ಹೆಂಗ. ಫೋನಿನ್ಯಾಗ ಇನ್‌ಕಾಗ್ನಿಟೋ ತೆಗೀರಿ, ಯಾಕಂದ್ರ ನಿಮ್ಮ ಹಳೇ ಸರ್ಚ್ ನಡುವ ಬರಬಾರ್ದು. "ಬ್ಯಾಟರಿ ಸ್ಪ್ರೇಯರ್" ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು ನಿಲ್ರಿ, ಕೆಳಗ ಸಾಲಾಗಿ ಸಲಹೆ ಬರ್ತಾವ. ಅವನ್ನ ಬರ್ಕೊಂಡು ಆಮ್ಯಾಲೆ ಸ್ಪೇಸಿನ ಮುಂದ ಕ, ಗ, ಚ, ಬ ಅಂತ ಒಂದೊಂದ ಅಕ್ಷರ ಹಾಕ್ತಾ ಹೋಗ್ರಿ, ಪ್ರತಿ ಸಲ ಹೊಸ ಸಾಲು ಬರ್ತಾವ. ಇದನ್ನ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರ್ದೂ ಮಾಡ್ರಿ, ಯಾಕಂದ್ರ ನಮ್ಮ ಮಂದಿ ಬಹಳಷ್ಟು ಹಂಗ ಟೈಪ್ ಮಾಡ್ತಾರ. ಮೈಕ್ ಒತ್ತಿ ಮಾತಾಡೋರೂ ಅದಾರ, ಗೂಗಲ್ 2017ರಾಗ ಕನ್ನಡ ವಾಯ್ಸ್ ಟೈಪಿಂಗ್ ಕೊಟ್ಟ ಮ್ಯಾಲೆ ಅಕ್ಷರ ಒತ್ತಾಕ ಬ್ಯಾಸರ ಪಡೋ ಹಿರಿಯರೂ ಪೂರ್ತಿ ವಾಕ್ಯನ ಹೇಳಿಬಿಡ್ತಾರ, ಅದಕ್ಕ ಉದ್ದನ ಪ್ರಶ್ನೆ ಬಿಡಬ್ಯಾಡ್ರಿ. ರಿಸಲ್ಟ್ ಪೇಜಿನ ನಡುವ ಜನ ಇನ್ನೂ ಏನ್ ಕೇಳ್ತಾರ ಅನ್ನೋ ಡಬ್ಬಿ ಬಂದ್ರ ಒಂದು ಪ್ರಶ್ನೆ ಒತ್ತಿ ತೆಗೀರಿ, ಕೆಳಗ ಇನ್ನೂ ಬೆಳೀತೈತಿ. ಯೂಟ್ಯೂಬಿನ ಸರ್ಚ್‌ನಾಗೂ ಹಿಂಗ ಮಾಡ್ರಿ, ಅಲ್ಲಿ ಕಾಮೆಂಟ್ ಓದೋದಂತೂ ಬಿಡಲೇಬ್ಯಾಡ್ರಿ, "ಸರ್ ಇದು ಹತ್ತಿಗೂ ನಡೀತೈತೇನು" ಅನ್ನೋ ಒಂದು ಕಾಮೆಂಟ್ ಒಂದು ಪೋಸ್ಟಿಗೆ ಸಾಕು.

ಯಾವ ಶಬ್ದ ಎಷ್ಟು ಸಲ ಹುಡುಕ್ತಾರ ಅಂತ ತೋರ್ಸೋ ಗೂಗಲ್ ಕೀವರ್ಡ್ ಪ್ಲಾನರ್ ಪುಕ್ಕಟೆ, ಆದ್ರ ಗೂಗಲ್ ಆಡ್ಸ್ ಅಕೌಂಟ್ ಬೇಕು. ಆಡ್ ಓಡಿಸದೋರಿಗೆ ಅದು ಸರಿಯಾದ ನಂಬರ್ ಕೊಡಂಗಿಲ್ಲ, 100ರಿಂದ 1,000 ಅಂತ ಅಗಲನ ಅಂದಾಜು ಕೊಡ್ತೈತಿ. ಯಾವ ಶಬ್ದದ ಹುಡುಕಾಟ ಯಾವಾಗ ಏರತೈತಿ, ಇಳೀತೈತಿ ಅಂತ ತೋರ್ಸೋ ಗೂಗಲ್ ಟ್ರೆಂಡ್ಸ್ ಅಂತೂ ಎಷ್ಟು ಮಂದಿ ಅಂತ ಹೇಳಂಗೇ ಇಲ್ಲ, 0ಯಿಂದ 100ರ ಅಳತಿ, ಹೆಚ್ಚು ಹುಡುಕಿದ ಟೈಮಿಗೆ 100. ಹೋಲಿಕಿಗೆ ಒಳ್ಳೇದು, ಎರಡು ಶಬ್ದ ಹಾಕಿ ಕರ್ನಾಟಕ ಅಂತ ಆರಿಸಿ ಯಾವುದು ಮ್ಯಾಲೆ ಐತಿ ನೋಡ್ರಿ. ಕನ್ನಡದ ಉದ್ದನ ಪ್ರಶ್ನೆ ಹಾಕಿದ್ರ ಎರಡೂ ಕಡೆ ಖಾಲಿ ಬರೋದು ಸಾಮಾನ್ಯ, ಅದನ್ನ ನೋಡಿ ಹುಡುಗ್ರು ಕೈ ಬಿಡ್ತಾರ, ಅಲ್ಲೇ ನನಗ ಸಂಕಟ ಆಗೋದು. ಟೂಲ್ ತೋರ್ಸಂಗಿಲ್ಲ ಅಂದ್ರ ಕೇಳೋರು ಇಲ್ಲ ಅಂತ ಅರ್ಥ ಅಲ್ರಿ. ದಿನಾ ಬರೋ ಸರ್ಚಿನ್ಯಾಗ ಸುಮಾರು 15 ಪರ್ಸೆಂಟ್ ಅದಕ್ಕಿಂತ ಮುಂಚೆ ಯಾರೂ ಮಾಡಿರದಂಥವು ಅಂತ ಗೂಗಲ್‌ನೋರ ಹೇಳ್ಯಾರ. ಅಂಗಡಿ ಮುಂದ ನಿಮ್ಮ ಕಿವಿಯಾರೆ ಕೇಳಿದ ಪ್ರಶ್ನೆ ಇದ್ರ, ಟೂಲ್ ಸೊನ್ನೆ ಅಂದ್ರೂ ಬರೀರಿ.

ಬರಿಯೋಕ್ಕಿಂತ ಮುಂಚೆ ಆ ಪ್ರಶ್ನೆ ಹಾಕಿ ಮೊದಲ ಪೇಜಿನ್ಯಾಗ ಯಾರ್ ಅದಾರ ನೋಡೋದು. ಅಮೆಜಾನ್, ಫ್ಲಿಪ್‌ಕಾರ್ಟ್, ದೊಡ್ಡ ಪೇಪರಿನ ವೆಬ್‌ಸೈಟ್ ತುಂಬಿದ್ರ ಬಿಟ್ಟು ಮುಂದ ಹೋಗ್ರಿ, ಸದ್ಯಕ್ಕ ಅದು ನಮ್ಮ ಜಾಗ ಅಲ್ಲ. ಹಳೇ ವಿಡಿಯೋ, ಸಂಬಂಧ ಇಲ್ಲದ ಪೇಜು, ಮಷಿನ್ ಅನುವಾದದ ಕನ್ನಡ ಕಂಡ್ರ ಅಲ್ಲಿ ಜಾಗ ಖಾಲಿ ಐತಿ.

ನನಗ ಭಾಳ ಖುಷಿ ಕೊಟ್ಟಿದ್ದು ಏರ್ ಕೂಲರ್ ವಿಷಯ. ರಾಯಚೂರು, ಬಳ್ಳಾರಿ, ಕೊಪ್ಪಳದಾಗ ಬ್ಯಾಸಿಗಿ 40 ಡಿಗ್ರಿ ದಾಟತೈತಿ ಮತ್ತ ಹವಾ ಒಣಾ ಇರತೈತಿ, ಒಣಾ ಹವಾದಾಗ ನೀರು ಜಲ್ದಿ ಆರತೈತಿ, ಆರೋವಾಗ ಶಾಖ ಎಳ್ಕೊಳ್ತೈತಿ, ಅದಕ್ಕ ಇಲ್ಲಿ ಕೂಲರ್ ಚಲೋ ಕೆಲಸ ಮಾಡ್ತೈತಿ, ಅದ ಕೂಲರ್ ಮಂಗಳೂರಾಗ ಸೆಖೆಗೆ ಅಷ್ಟು ಉಪಯೋಗ ಇಲ್ಲ. ಆದ್ರ ನಮ್ಮ ಬೋರ್ ನೀರು ಗಡಸು. ಒಂದು ಬ್ಯಾಸಿಗಿ ಮುಗಿಯೋದ್ರೊಳಗ ಪ್ಯಾಡ್ ಮ್ಯಾಲೆ ಬೆಳ್ಳನ ಪೊರೆ ಕಟ್ಟತೈತಿ, ನೀರು ಆವಿ ಆಗಿ ಹೋಗತೈತಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಅಲ್ಲೇ ಉಳೀತೈತಿ, ಜೇನುಗೂಡು ಪ್ಯಾಡಿನ ತೂತು ಮುಚ್ಕೊಂಡು ಹವಾ ಬರೋದ ಕಮ್ಮಿ ಆಗತೈತಿ. ದೇಶದ ಮಟ್ಟದ "ಬೆಸ್ಟ್ ಕೂಲರ್" ಪೋಸ್ಟಿನ್ಯಾಗ ಈ ಮಾತು ಯಾರು ಬರೀತಾರ? "ಕೂಲರ್ ಪ್ಯಾಡ್ ಬೆಳ್ಳಗ ಆಗೇತಿ ಏನ್ ಮಾಡ್ಬೇಕು", "ಬೋರ್ ನೀರಿಗೆ ಹುಲ್ಲಿನ ಪ್ಯಾಡ್ ಒಳ್ಳೇದೋ ಜೇನುಗೂಡು ಒಳ್ಳೇದೋ", ಇಂಥಾ ಪ್ರಶ್ನೆಗೆ ನಾನು ಬರ್ದಿದ್ದಕ್ಕ ಇವತ್ತಿಗೂ ಜನ ಬರ್ತಾರ. ಟ್ಯಾಂಕಿನ ನೀರು ಆಗಾಗ ಪೂರ್ತಿ ಚೆಲ್ಲಿ ಹೊಸದು ತುಂಬ್ಸೋದು, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಾಗ ಪ್ಯಾಡ್ ನೆನೆಸಿ ತೊಳಿಯೋದು, ಅಷ್ಟಾದ್ರೂ ಬಿಡದಿದ್ರ ಪ್ಯಾಡ್ ಬದಲಿಸೋದು, ಲಿಂಕ್ ಇರೋದು ಆ ಕಡೀ ಮಾತಿಗೆ. ತೊಳೆದ್ರ ಸಾಕು ಅನ್ನೋನಿಗೆ ಕೊಳ್ರಿ ಅಂತ ಹೇಳೋ ಅವಶ್ಯ ಇಲ್ಲ, ಅವ ಮುಂದಿನ ವರ್ಷ ಹೊಸ ಕೂಲರ್ ತಗೊಳ್ಳೋವಾಗ ನನ್ನ ಹತ್ರನ ಬರ್ತಾನ.

ಟೈಮಿಂದೂ ನೋಡ್ಬೇಕು. ಟ್ರೆಂಡ್ಸ್‌ನಾಗ ಐದು ವರ್ಷದ ಗೆರೆ ತೆಗೆದ್ರ ಕೂಲರ್ ಬ್ಯಾಸಿಗಿಗೆ ಏರಿ ಮಳಿಗೆ ಇಳಿಯೋದು ಕಣ್ಣಿಗೆ ಕಾಣತೈತಿ. ಹೊಸ ಪೇಜು ಮ್ಯಾಲೆ ಬರಾಕ ತಿಂಗಳಗಟ್ಲೆ ಹಿಡೀತೈತಿ, ಅದಕ್ಕ ಏಪ್ರಿಲ್ ಸಾಮಾನಿಂದು ಡಿಸೆಂಬರ್, ಜನವರಿಯಾಗ ಬರ್ದಿರಬೇಕು, ಸ್ಪ್ರೇಯರಿಂದು ಮೇ ತಿಂಗಳಾಗ.

ಪೋಸ್ಟ್ ಹಾಕಿದ ಮ್ಯಾಲೆ ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಟೂಲ್ ನಿಮ್ಮ ದೊಡ್ಡ ಆಸ್ತಿ, ಅದೂ ಪುಕ್ಕಟೆ. ಯಾವ ಪ್ರಶ್ನೆಗೆ ನಿಮ್ಮ ಪೇಜು ಕಂಡೈತಿ, ಎಷ್ಟು ಸಲ ಕಂಡೈತಿ, ಎಷ್ಟು ಮಂದಿ ಒತ್ಯಾರ, ಸರಾಸರಿ ಎಷ್ಟನೇ ಜಾಗ, ಎಲ್ಲಾ ಬರತೈತಿ. ಅದ್ರಾಗ 8ರಿಂದ 20ನೇ ಜಾಗದಾಗ ಇದ್ದು ಭಾಳ ಸಲ ಕಂಡಿರೋ ಪ್ರಶ್ನೆ ಹುಡುಕ್ರಿ. ಆ ಪ್ರಶ್ನೆಗೆ ನಿಮ್ಮ ಪೋಸ್ಟಿನ್ಯಾಗ ಉತ್ತರ ಅರ್ಧಂಬರ್ಧ ಇರತೈತಿ. ಕೂಲರ್ ಪೋಸ್ಟಿಗೆ "ಇನ್ವರ್ಟರ್ ಮ್ಯಾಲೆ ಕೂಲರ್ ನಡೀತೈತಾ" ಅಂತ ಬರ್ತಿತ್ತು, ನಾನು ಅದರ ಬಗ್ಗೆ ಒಂದು ಸಾಲು ಬರ್ದಿದ್ದೆ ಅಷ್ಟ, ಆಮ್ಯಾಲೆ ವ್ಯಾಟ್, ಬ್ಯಾಟರಿ, ಎಷ್ಟು ತಾಸು ಅಂತ ಪೂರ್ತಿ ಬರ್ದು ಸೇರ್ಸಿದೆ, ಆ ಪೇಜಿಗೆ ಬರೋರು ಹೆಚ್ಚಾದ್ರು.

ಎಐ ಬಂದೈತಿ, ಇದೆಲ್ಲಾ ಮುಗೀತಲ್ಲ ಅಂತ ಹೇಳೋರು ಅದಾರ. 2024ರ ಆಗಸ್ಟ್‌ನಾಗ ಭಾರತಕ್ಕೂ ಗೂಗಲ್ ಎಐ ಓವರ್‌ವ್ಯೂ ಬಂತು, ಖರೆ, "ಅಂದ್ರ ಏನು" ಅನ್ನೋ ಪ್ರಶ್ನೆಗೆ ಉತ್ತರ ಮ್ಯಾಲೇ ಸಿಗತೈತಿ. ಆದ್ರ ರೊಕ್ಕ ಕೊಟ್ಟು ಸಾಮಾನು ತಗೊಳ್ಳೋನು ಬಳಸಿ ನೋಡಿದವನ ಮಾತು ಕೇಳಾಕ ಇನ್ನೂ ಪೇಜು ತೆಗೀತಾನ. ಸಾವಿರ ಕೀವರ್ಡ್ ತಗೊಂಡು ಎಐ ಕಡೆ ಸಾವಿರ ಪೋಸ್ಟ್ ಬರೆಸಿ ಸುರಿಯೋರನ್ನ ತಡಿಯಾಕ 2024ರ ಮಾರ್ಚ್‌ನಾಗ ಗೂಗಲ್ ಹೊಸ ಸ್ಪ್ಯಾಮ್ ನಿಯಮ ತಂತು. ಆ ದಾರಿ ಹಿಡೀಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ, ಯಾಕಂದ್ರ ನಮ್ಮ ರೈತ ಅದನ್ನ ಓದಿ 3 ಸಾವಿರ ರೂಪಾಯಿ ಕಳ್ಕೊಂಡ್ರ ಕನ್ನಡದಾಗ ಬರ್ದಿದ್ದನ್ನ ಮತ್ತ ನಂಬಂಗಿಲ್ಲ.

ಇನ್ನೊಂದು, ಇದು ಅಫಿಲಿಯೇಟ್ ಲಿಂಕ್, ಕೊಂಡ್ರ ನನಗ ಕಮಿಷನ್ ಬರತೈತಿ ಅಂತ ಪೋಸ್ಟಿನ ಮ್ಯಾಲೇ ಕನ್ನಡದಾಗ ಬರೀರಿ, ಅಮೆಜಾನ್ ನಿಯಮನೂ ಅದ, 2023ರ ಜನವರಿಯಾಗ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಕೊಟ್ಟ ಮಾರ್ಗಸೂಚಿನೂ ಅದನ್ನ ಹೇಳ್ತೈತಿ. ಲಿಂಕಿನ ಕೋಡಿನ್ಯಾಗ ಸ್ಪಾನ್ಸರ್ಡ್ ಅನ್ನೋ ಗುರುತು ಹಾಕ್ರಿ, ಇದು ರೊಕ್ಕ ಬರೋ ಲಿಂಕ್ ಅಂತ ತಿಳಿಸಾಕ ಗೂಗಲ್ 2019ರಾಗ ಕೊಟ್ಟಿದ್ದು. ಬೆಲೆ ಕೈಯಿಂದ ಟೈಪ್ ಮಾಡಬ್ಯಾಡ್ರಿ, ದಿನಾ ಬದಲಾಗತೈತಿ, ಅಮೆಜಾನ್‌ನೋರೂ ಒಪ್ಪಂಗಿಲ್ಲ.

ನಾನೀಗ ತಾಡಪತ್ರಿ ಬಗ್ಗೆ ಬರಿಯಾಕತ್ತೀನಿ, ಭತ್ತ, ಮೆಣಸಿನಕಾಯಿ ಒಣಗ್ಸೋರಿಗೆ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ಬೇಕು, ಬಿಸಿಲಿಗೆ ಯಾವುದು ಜಲ್ದಿ ಹರೀತೈತಿ ಅಂತ. ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆ ಅಂಗಡಿಯಾಗ ಮಂದಿ ತಾಡಪತ್ರಿ ತಗೊಳ್ಳೋವಾಗ ಏನ್ ಕೇಳ್ತಾರ ಅಂತ ಗೊತ್ತಿದ್ದೋರು ಅವರು ಕೇಳಿದಂಗ, ಅವರ ಮಾತಿನ್ಯಾಗ ಬರ್ದು ಕಳಿಸ್ರಿ.